ಕೋವಿಯಿಂದ ಹಾರಿದ ದಾರ

ಸೇತುವೆ ಕೊಚ್ಚಿಹೋಗಿ ಏಳು ದಿನ ಕಳೆದು, ಊರಿನ ಗಟ್ಟಿಗರೆಲ್ಲ ಒಬ್ಬೊಬ್ಬರಾಗಿ ಕೈಚೆಲ್ಲಿದ ಮೇಲೆ ಆ ಕೆಲಸ ಕೋವಿಯಕ್ಕನ ಶೆಡ್ಡಿಗೆ ಬಂತು. ಅಷ್ಟು ಹೊತ್ತಿಗೆ ಅದು ಆಗುವ ಕೆಲಸ ಅಂತ ನಂಬಿದವರು ಯಾರೂ ಉಳಿದಿರಲಿಲ್ಲ. ನಂಬಿದ್ದರೆ ಮೊದಲೇ ಬರುತ್ತಿದ್ದರು, ಬಿಡಿ.

ಕೆಲಸ ಇಷ್ಟೇ. ಕಮರಿಯ ಈ ದಡದಿಂದ ಆ ದಡಕ್ಕೆ ಒಂದು ದಾರ ದಾಟಿಸಬೇಕು. ದಾರ ದಾಟಿದರೆ ಅದರ ಬೆನ್ನಿಗೆ ಹುರಿ, ಹುರಿಯ ಬೆನ್ನಿಗೆ ಹಗ್ಗ, ಹಗ್ಗದ ಮೇಲೆ ಮನುಷ್ಯ. ಆ ದಡದ ಬಂಡೆಯ ಮೇಲೆ ನದಿಯ ಮಟ್ಟ ಅಳೆಯುವವರ ಒಂದು ಕೋಣೆಯ ಮನೆಯಿತ್ತು. ಅದರೊಳಗೆ ಇಬ್ಬರು ಸಿಕ್ಕಿಹಾಕಿಕೊಂಡಿದ್ದರು. ಒಬ್ಬರು ಮೂವತ್ತು ವರ್ಷದಿಂದ ಅದೇ ನದಿಯ ಮಟ್ಟ ಬರೆದಿಡುತ್ತಿದ್ದ ಅಜ್ಜ. ಇನ್ನೊಬ್ಬ ಅವರ ಕೈಕೆಳಗೆ ಕೆಲಸಕ್ಕೆ ಸೇರಿದ್ದ ಕೋವಿಯಕ್ಕನ ಒಬ್ಬನೇ ತಮ್ಮ. ಮನೆಯ ಹಿಂದೆ ಹತ್ತಲಾಗದ ಕಲ್ಲುಗೋಡೆ, ಮುಂದೆ ಕಮರಿ. ಇದ್ದದ್ದು ಎಂಟು ದಿನದ ಹಿಟ್ಟು.

ಈಜಿ ದಾಟಲು ಹೋದವನು ಪಕ್ಕೆಲುಬು ಮುರಿದುಕೊಂಡು ಬಂದಿದ್ದ. ಬಾಣಕ್ಕೆ ದಾರ ಕಟ್ಟಿ ಬಿಟ್ಟರೆ ಅರ್ಧ ದಾರಿಯಲ್ಲೇ ಗಾಳಿಗೆ ಸಿಕ್ಕಿ ನೀರಿಗೆ ಬೀಳುತ್ತಿತ್ತು. ಕೊನೆಗೆ ಆ ಸೇತುವೆಯನ್ನು ನೋಡಿಕೊಳ್ಳುತ್ತಿದ್ದ ಹಗ್ಗದವನು, ತನ್ನ ಸೇತುವೆ ಹೋದ ನಾಚಿಕೆಗೆ ತಲೆ ತಗ್ಗಿಸಿಕೊಂಡೇ ಶೆಡ್ಡಿನ ಬಾಗಿಲಿಗೆ ಬಂದ.

"ಅಕ್ಕಾ, ಕೋವಿಲಿ ಹೊಡೆದ್ರೆ?"

ಕೋವಿಯಕ್ಕ ಗೋಡೆಯ ಮೇಲಿನ ಕೋವಿಯ ಕಡೆ ನೋಡಿದಳು. ಅವಳ ಶೆಡ್ಡಿಗೆ ಬರುತ್ತಿದ್ದುದೆಲ್ಲ ರಿಪೇರಿಯ ಕೋವಿಗಳು. ಅವಳೇ ಮೊದಲಿನಿಂದ ಕೊನೆಯವರೆಗೆ ಮಾಡಿದ್ದು ಒಂದೇ ಒಂದು, ಅದೂ ಮುಗಿದು ಮೂರು ವಾರವಾಗಿತ್ತಷ್ಟೆ. ಬಾಯಿಯ ಕಡೆಯಿಂದಲೇ ಮದ್ದು ಸುರಿದು, ಗುಂಡು ಇಟ್ಟು, ಗಜದಿಂದ ಜಡಿದು, ಹಿಂದೆ ಕಿಡಿ ಹೊತ್ತಿಸುವ ಕೇಪು ಸಿಕ್ಕಿಸಿ ಹೊಡೆಯುವ ಹಳೆಯ ಮಾದರಿ. ಆದರೆ ನಳಿಗೆ ಹೊಸದು, ಮಣಿಕಟ್ಟಿನಷ್ಟು ದಪ್ಪ. ಗುಂಡು ತಿರುಗುತ್ತಾ ನೇರ ಹೋಗಲಿ ಅಂತ ಅದರೊಳಗೆ ಸುತ್ತುಸುತ್ತಾದ ಏಳು ಗೆರೆಗಳನ್ನು ನಾಲ್ಕು ತಿಂಗಳು ಕೂತು ಕೊರೆದಿದ್ದಳು. ಇನ್ನೂ ಒಂದು ಗುಂಡನ್ನೂ ಹಾರಿಸಿರಲಿಲ್ಲ.

"ಹೊಡೆದು ನೋಡಿಲ್ಲ ಇನ್ನೂ. ಎಷ್ಟು ಮದ್ದು ತಡ್ಕೊಳ್ಳುತ್ತೋ ಗೊತ್ತಿಲ್ಲ," ಅಂದಳು.

"ಬೆಳಿಗ್ಗೆ ಗುಡ್ಡದ ಮೇಲಿನ ಕಾವಲುಗಾರ ಹೇಳಿದ. ಆ ಮನೆಯಿಂದ ಹೊಗೆ ಬರ್ತಾನೇ ಇದೆಯಂತೆ."

ಅಷ್ಟು ಸಾಕಾಯಿತು. ಹೊಗೆ ಇದ್ದರೆ ಒಲೆ ಇದೆ, ಒಲೆ ಇದ್ದರೆ ತಮ್ಮ ಇದ್ದಾನೆ. ಅವಳು ಕೋವಿಯನ್ನು ಗೋಡೆಯಿಂದ ಇಳಿಸಿದಳು.

ಮದ್ದಿಗೆ ಚಿಕ್ಕಪ್ಪನನ್ನು ಕರೆಸಿದಳು. ಕಲ್ಲುಗಣಿಯಲ್ಲಿ ನಲವತ್ತು ವರ್ಷ ಬಂಡೆ ಸಿಡಿಸಿ ಕಿವಿ ಮುಕ್ಕಾಲು ಹೋಗಿದ್ದ ಮನುಷ್ಯ. ಊರಿಗೆಲ್ಲ ಕೇಳುವ ಹಾಗೆ ಗುಟ್ಟು ಹೇಳುತ್ತಿದ್ದರು. ಗಣಿಯ ಉಗ್ರಾಣದಲ್ಲಿ ಸಿಕ್ಕಿದ ಮದ್ದು ಹದಿನಾರು ಅಳತೆಗೆ ಆಗುವಷ್ಟು. ಅಳತೆ ಅಂದರೆ ಹೆಬ್ಬೆರಳಿನಷ್ಟು ಉದ್ದದ ಒಂದು ಹಿತ್ತಾಳೆ ಕೊಳವೆ. ಅದನ್ನು ಅಂಚಿನ ತನಕ ತುಂಬಿದರೆ ಒಂದು ಅಳತೆ. ತುಂಬುವುದು ಚಿಕ್ಕಪ್ಪನ ಕೆಲಸ, ಜಡಿದು ಹೊಡೆಯುವುದು ಅಕ್ಕನ ಕೆಲಸ, ದಾರ ನೋಡಿಕೊಳ್ಳುವುದು ಹಗ್ಗದವನ ಕೆಲಸ ಅಂತ ಹಂಚಿಕೊಂಡರು.

ಶೆಡ್ಡಿನ ಹಿಂದಿನ ಒಣಕಾಲುವೆಯಲ್ಲಿ ಎಂಟನೆಯ ದಿನ ಪರೀಕ್ಷೆ ಶುರುವಾಯಿತು.

ಮೊದಲು ಸೀಸದ ದುಂಡು ಗುಂಡು. ಅದಕ್ಕೆ ತೂತು ಹಾಕಿ, ತಂತಿಯ ಬಳೆ ತೊಡಿಸಿ, ದಾರ ಕಟ್ಟಿದರು. ಢಮ್ ಅಂತು. ಗುಂಡು ಹೋಯಿತು, ದಾರ ಅಲ್ಲೇ ಉಳಿಯಿತು. ಬೆಂಕಿಗೆ ಸಿಕ್ಕಿ ಅದರ ತುದಿ ಕರಿದ ಹಾಗಾಗಿತ್ತು.

ಆಮೇಲೆ ಉದ್ದನೆಯ ಗುಂಡು, ಮೂಗಿಗೆ ಗೇಣುದ್ದದ ತಂತಿ. ಈ ಸಲ ದಾರ ಸುಡಲಿಲ್ಲ. ಆದರೆ ಏಳು ಗೆರೆಗಳು ಗುಂಡನ್ನು ಬಿಗಿಯಾಗಿ ಹಿಡಿದು ಬಹಳ ಚೆನ್ನಾಗಿ ತಿರುಗಿಸಿದವು, ಗುಂಡಿನ ಜೊತೆ ದಾರವೂ ತಿರುಗಿ ತಿರುಗಿ ಗಂಟುಬಿದ್ದು ನಲವತ್ತು ಹೆಜ್ಜೆಗೇ ತುಂಡಾಯಿತು. ನಾಲ್ಕು ತಿಂಗಳ ಶ್ರಮವೇ ಕಾಲಿಗೆ ತೊಡರಿತ್ತು. ಕೋವಿಯಕ್ಕನಿಗೆ ಅಳು ಬರುವಷ್ಟು ಸಿಟ್ಟು ಬಂತು.

"ಗೆರೆ ಇಲ್ಲದ ಕೋವಿ ತಗೊಂಡು ಹೋಗೋಣ," ಅಂದ ಹಗ್ಗದವನು.

"ಆ ತೆಳು ನಳಿಗೆಗಳು ಈ ಭಾರಕ್ಕೆ ಸೀಳ್ತಾವೆ. ಕೋವಿ ಇದೇ ಇರ್ಲಿ. ಗುಂಡು ಬದಲಾಯಿಸ್ತೀನಿ."

ಅವಳು ಲೇತಿನ ಮುಂದೆ ಕೂತಳು. ಮಧ್ಯಾಹ್ನದ ಹೊತ್ತಿಗೆ ಒಂದೇ ಥರದ ಎರಡು ವಿಚಿತ್ರ ವಸ್ತುಗಳು ತಯಾರಾದವು. ಪ್ರತಿಯೊಂದಕ್ಕೂ ಮದ್ದಿನ ಮೇಲೆ ಕೂರುವ ಒಂದು ಹಿತ್ತಾಳೆ ಬುಡ, ಗೆರೆಗಳಿಗೆ ಸಿಗದಷ್ಟು ಸಡಿಲ. ಅಲ್ಲಿಂದ ನಳಿಗೆಯ ಉದ್ದಕ್ಕೂ ಸಾಗಿ ಬಾಯಿಂದ ನಾಲ್ಕು ಬೆರಳು ಹೊರಗೆ ಚಾಚುವ ಸಪೂರ ಕಬ್ಬಿಣದ ಸರಳು. ಆ ಹೊರಗಿನ ತುದಿಗೆ ದಾರ ಕಟ್ಟುವ ಕಣ್ಣು. ಬೆಂಕಿ ಪಕ್ಕದಿಂದ ನುಗ್ಗದ ಹಾಗೆ ಬುಡಕ್ಕೆ ಒಂದು ಬಟ್ಟೆಯ ಅಂಗಿ ಬೇಕಿತ್ತು. ಅದನ್ನು ಹೊಲಿದುಕೊಟ್ಟವಳು ಅಜ್ಜನ ಮಗಳು. ಅವಳದು ಎರಡು ಬೀದಿ ಆಚೆ ಟೈಲರ್ ಅಂಗಡಿ. ದಿನಕ್ಕೆರಡು ಸಲ ಶೆಡ್ಡಿನ ಬಾಗಿಲಿಗೆ ಬಂದು, "ಹೊಗೆ ಬಂತಂತಾ?" ಎಂದು ಕೇಳಿ, ಹೌದು ಎನ್ನಿಸಿಕೊಂಡು ಹೋಗುತ್ತಿದ್ದಳು. ಕೋವಿಯಕ್ಕನ ಅಮ್ಮ ಮಾತ್ರ ಏನೂ ಕೇಳುತ್ತಿರಲಿಲ್ಲ. ಮನೆಯ ಬಾಗಿಲು ತೆರೆದಿಟ್ಟುಕೊಂಡು ಎದುರಿಗೆ ಕೂತಿರುತ್ತಿದ್ದಳು.

"ಇದು ಗುಂಡಲ್ಲ ಮಗಳೇ, ಒನಕೆ!" ಎಂದು ಚಿಕ್ಕಪ್ಪ ಊರು ಕೇಳುವಂತೆ ನಕ್ಕರು. ಆ ವಾರದಲ್ಲಿ ಯಾರಾದರೂ ನಕ್ಕದ್ದು ಅದೊಂದೇ ಸಲ.

ಒನಕೆ ಹಾರಿತು. ಹೊರಬಂದ ಕೂಡಲೇ ಮಗುಚಿಕೊಂಡು, ದಾರವನ್ನು ಬಾಲದ ಹಾಗೆ ಹಿಂದೆ ಎಳೆದುಕೊಂಡು ಹೋಯಿತು. ಅರ್ಧ ಅಳತೆಗೆ ಅರವತ್ತು ಹೆಜ್ಜೆ. ಮುಕ್ಕಾಲಿಗೆ ತೊಂಬತ್ತು. ಒಂದೂಕಾಲು ಅಳತೆ ಹಾಕಿದಾಗ ಜಗ್ಗಿದ ರಭಸಕ್ಕೆ ದಾರ ಫಟ್ಟನೆ ಹರಿಯಿತು. ಒಂಬತ್ತನೆಯ ದಿನ ಒಂದು ಅಳತೆಗೆ ನಿಲ್ಲಿಸಿದರು: ನೂರ ಮೂವತ್ತು ಹೆಜ್ಜೆ, ದಾರ ಇಡಿಯಾಗಿತ್ತು. ಎರಡನೇ ಸಲ ಹೊಡೆದರೂ ನೂರ ಮೂವತ್ತು. ಕಮರಿಯ ಅಗಲ ನೂರ ಹದಿನೈದು. ಕಡಿಮೆಯಾದರೆ ಮುಟ್ಟುವುದಿಲ್ಲ, ಹೆಚ್ಚಾದರೆ ಹರಿಯುತ್ತದೆ. ನಡುವೆ ಇದ್ದದ್ದು ಈ ಒಂದೇ ಕಿಂಡಿ.

"ಎರಡು ದಿನ ಇಲ್ಲೇ ಸುಟ್ಟುಬಿಟ್ವಿ," ಹಗ್ಗದವನು ಗೊಣಗಿದ. "ಅಲ್ಲಿ ಅವರ ಹಿಟ್ಟು ಮುಗೀತು."

"ಅಳತೆ ಗೊತ್ತಿಲ್ದೆ ಹೋಗಿದ್ರೆ ಅಲ್ಲಿ ಸುಡ್ತಿದ್ವಿ," ಅಂದಳು ಅಕ್ಕ. ಹೇಳಿದಳೇ ಹೊರತು ಆ ಎರಡು ದಿನ ಅವಳ ಎದೆಯ ಮೇಲೂ ಕಲ್ಲಿನಂತೆ ಕೂತಿದ್ದವು.

ಆ ಸಂಜೆ ಕಾವಲುಗಾರ ತಾನೇ ಇಳಿದು ಬಂದ. ಅಂದು ಬೆಳಿಗ್ಗೆ ಹೊಗೆ ಕಂಡಿರಲಿಲ್ಲ.

ಹತ್ತನೆಯ ದಿನ ಬೆಳಕು ಹರಿಯುವಾಗ ಮೂವರೂ ಹೊರಟರು. ಕೋವಿಗೆ ತುಕ್ಕು ಹಿಡಿಯದಿರಲಿ ಎಂದು ಅಕ್ಕ ನಳಿಗೆಯ ಒಳಗೆ ಎಣ್ಣೆ ಸವರಿದ್ದಳು. ಉಳಿದ ಏಳು ಅಳತೆ ಮದ್ದು ಎರಡು ಡಬ್ಬಿಗಳಲ್ಲಿ ಚಿಕ್ಕಪ್ಪನ ಬೆನ್ನ ಮೇಲಿತ್ತು. ಹಗ್ಗದವನ ಬೆನ್ನ ಮೇಲೆ ಹಗ್ಗದ ಸಿಂಬಿಗಳು, ರಾಟೆ, ಮತ್ತು ಮೊಳೆಗಳ ಸಾಲಿಗೆ ಹಿಂದೆ ಮುಂದೆ ಸುತ್ತಿ ದಾರವಿಟ್ಟಿದ್ದ ಪೆಟ್ಟಿಗೆ. ಬೀಳ್ಕೊಡಲು ಬಂದವರು ಹುಷಾರು ಅಂದರೇ ಹೊರತು, ಕರೆದುಕೊಂಡು ಬನ್ನಿ ಅಂತ ಒಬ್ಬರೂ ಅನ್ನಲಿಲ್ಲ.

ಊರು ಮುಗಿದಲ್ಲಿಂದ ಏರು. ಮೊದಲು ಕುರುಚಲು, ಆಮೇಲೆ ಬಿಸಿಲೇ ನೆಲ ಮುಟ್ಟದಷ್ಟು ದಟ್ಟವಾದ ಮರಗಳು, ಮಳೆಗೆ ಕುಸಿದು ಕೆಂಪಗೆ ಬಾಯಿಬಿಟ್ಟಿದ್ದ ಗುಡ್ಡದ ಮಗ್ಗುಲುಗಳು. ಹಳೆಯ ಕಾಲುದಾರಿ ಅರ್ಧಕ್ಕರ್ಧ ಇರಲೇ ಇಲ್ಲ. ಬಿದ್ದ ಮರಗಳನ್ನು ಹತ್ತಿ ಇಳಿದು, ಬೇರುಗಳನ್ನು ಹಿಡಿದು ತೂಗಾಡಿ, ಒಂದು ಮೈಲಿಗೆ ಎರಡು ಗಂಟೆ ತೆಗೆದುಕೊಂಡು ನಡೆದರು. ಎಷ್ಟು ದೂರ ನಡೆದರೂ ಎಲ್ಲೋ ಕೆಳಗಡೆಯಿಂದ ನದಿಯ ಮೊರೆತ ಕೇಳುತ್ತಲೇ ಇತ್ತು. ಚಿಕ್ಕಪ್ಪನಿಗೆ ಮಾತ್ರ ಅದರ ಕಾಟವಿರಲಿಲ್ಲ.

ಮರುದಿನ ಬೆಳಿಗ್ಗೆ ಕೊನೆಯ ತೊರೆ ದಾಟುವಾಗ ಚಿಕ್ಕಪ್ಪನ ಕಾಲಡಿಯ ಕಲ್ಲು ಉರುಳಿತು.

ಅವರು ಬಿದ್ದರು. ಹಗ್ಗದವನು ಹಾರಿ ಕಾಲರ್ ಹಿಡಿದ. ಅಕ್ಕ ಚೀಲ ಹಿಡಿದಳು. ದಡಕ್ಕೆ ಎಳೆದು ಹಾಕಿದಾಗ ಚಿಕ್ಕಪ್ಪನ ಬಲಗೈ ಮಣಿಕಟ್ಟಿನಲ್ಲಿ ಸೊಟ್ಟಗಾಗಿತ್ತು.

"ಕೈ ಬಿಡು! ಡಬ್ಬಿ ನೋಡು, ಡಬ್ಬಿ!" ಎಂದು ಅರಚಿದರು.

ಒಂದು ಡಬ್ಬಿಯ ಮುಚ್ಚಳ ಹಾರಿಹೋಗಿ ಮೂರು ಅಳತೆ ಮದ್ದು ಕರಿ ರಾಡಿಯಾಗಿತ್ತು. ಇನ್ನೊಂದರಲ್ಲಿ ನಾಲ್ಕು ಅಳತೆ ಒಣಗಿಯೇ ಇತ್ತು. ಕೈಗೆ ಎರಡು ಕೋಲು ಕಟ್ಟಿಕೊಂಡು, ಹಲ್ಲು ಕಚ್ಚಿಕೊಂಡು ಚಿಕ್ಕಪ್ಪ ನಡೆದರು.

ಬಿಸಿಲೇರುವ ಹೊತ್ತಿಗೆ ಕಮರಿಯ ಅಂಚಿಗೆ ಬಂದರು. ಆಚೆ ಬಂಡೆಯ ಮೇಲೆ ಆ ಸಣ್ಣ ಮನೆ. ಬಾಗಿಲು ಮುಚ್ಚಿತ್ತು. ಹೊಗೆ ಇರಲಿಲ್ಲ. ಸೇತುವೆಯ ಕಲ್ಲುಕಂಬ ಮಾತ್ರ ಆ ದಡದಲ್ಲಿ ಒಂಟಿಯಾಗಿ ನಿಂತಿತ್ತು. ಮೂವರೂ ಕೂಗಿದರು. ನದಿ ಅಷ್ಟನ್ನೂ ನುಂಗಿಕೊಂಡಿತು.

"ಅಕ್ಕಾ..." ಹಗ್ಗದವನು ಶುರುಮಾಡಿದ.

"ಪೆಟ್ಟಿಗೆ ಬಿಚ್ಚು," ಅಂದಳು.

ಕವೆಗೋಲು ನೆಟ್ಟು, ಕೋವಿಯ ಹಿಂಬದಿಯನ್ನು ಮರಳಿನ ಚೀಲಕ್ಕೆ ಒರಗಿಸಿದರು. ಚಿಕ್ಕಪ್ಪ ಅಂಚಿನಲ್ಲಿ ಬೋರಲು ಮಲಗಿ, ಎಡಗೈಯಲ್ಲಿ ದುರ್ಬೀನು ಹಿಡಿದು ಆಚೆಯ ಮನೆಯನ್ನೇ ನೋಡತೊಡಗಿದರು. ಅಕ್ಕ ತಾನೇ ಕೊಳವೆಗೆ ಮದ್ದು ತುಂಬಿದಳು. ಸುರಿದಳು, ಒನಕೆ ಇಳಿಸಿದಳು, ಬುಡ ಮದ್ದಿಗೆ ತಾಗಿ ಕೂತಿದೆಯೇ ಎಂದು ಒತ್ತಿ ನೋಡಿದಳು. ನಡುವೆ ಜಾಗ ಉಳಿದರೆ ನಳಿಗೆಯೇ ಸೀಳಿ ಮುಖಕ್ಕೆ ಬರುತ್ತದೆ.

ಟ್ರಿಗರ್ ಎಳೆದಳು. ಕೇಪು ಚಟ್ ಅಂತು. ಅಷ್ಟೆ.

ತುಕ್ಕು ಹಿಡಿಯದಿರಲಿ ಎಂದು ಸವರಿದ ಎಣ್ಣೆ ಬುಡಕ್ಕೆ ಇಳಿದು ಮದ್ದನ್ನು ತೋಯಿಸಿಬಿಟ್ಟಿತ್ತು. ದಿನಾ ಬೇರೆಯವರಿಗೆ ಹೇಳುವ ಬುದ್ಧಿ, ಎಣ್ಣೆ ಒರೆಸಿ ಎರಡು ಖಾಲಿ ಕೇಪು ಹೊಡೆದು ಆಮೇಲೆ ಮದ್ದು ತುಂಬಿ ಅಂತ. ಅವಳೇ ಮರೆತಿದ್ದಳು. ಒನಕೆ ಎಳೆದು, ಹಾಳಾದ ಮದ್ದು ಚೆಲ್ಲಿ, ನಳಿಗೆ ಒರೆಸಿದಳು. ಎರಡು ಖಾಲಿ ಕೇಪು ಹೊಡೆದಳು. ಮೂರು ಉಳಿಯಿತು.

ಎರಡನೇ ಸಲ ಕೋವಿ ಗುಡುಗಿತು. ಒನಕೆ ಏರಿತು, ದಾರ ಪೆಟ್ಟಿಗೆಯಿಂದ ಸರಸರನೆ ಹಾರಿತು. ಚಿಕ್ಕಪ್ಪ ದುರ್ಬೀನನ್ನು ಅದರ ಹಿಂದೆಯೇ ತಿರುಗಿಸಿದರು.

"ಸಾಲ್ಲಿಲ್ಲ! ಅಂಚಿಗೆ ನಾಲ್ಕು ಮಾರು ಕೆಳಗೆ!"

ಹಗ್ಗದವನು ದಾರ ಎಳೆದುಕೊಂಡು, ಒದ್ದೆಯಾದದ್ದನ್ನು ಬಟ್ಟೆಯಿಂದ ಹಿಂಡಿ, ಮತ್ತೆ ಮೊಳೆಗಳಿಗೆ ಸುತ್ತಲು ಒಂದು ಗಂಟೆ ಹಿಡಿಯಿತು. ಮೂರನೇ ಸಲ ಅಕ್ಕ ಕೋವಿಯ ಬಾಯಿ ಇನ್ನಷ್ಟು ಎತ್ತರಿಸಿದಳು. ಒನಕೆ ಆಚೆಯ ಅಂಚಿಗೆ ಬಡಿಯಿತು, ಜಾರಿತು, ಬಿರುಕಿಗೆ ಸಿಕ್ಕಿಕೊಂಡಿತು. ಎಷ್ಟು ಜಗ್ಗಿದರೂ ಬರಲಿಲ್ಲ. ಕೊನೆಗೆ ದಾರ ಕೊಯ್ದು, ಪೆಟ್ಟಿಗೆಗೆ ಮೀಸಲಿನ ದಾರ ಸುತ್ತಬೇಕಾಯಿತು.

ಈಗ ಒಂದು ಒನಕೆ, ಒಂದು ಅಳತೆ.

ಕೋವಿಯಕ್ಕ ನೆಲಕ್ಕೆ ಕೂತಳು. ಒಣಕಾಲುವೆಯಲ್ಲಿ ಎರಡೆರಡು ಸಲ ನೂರ ಮೂವತ್ತು ಹೋದದ್ದು ಇಲ್ಲಿ ನೂರ ಹದಿನೈದನ್ನೂ ದಾಟುತ್ತಿಲ್ಲ. ಅದೇ ಕೋವಿ, ಅದೇ ಮದ್ದು, ಅದೇ ಕೊಳವೆ. ಕಾಲು ಅಳತೆ ಹೆಚ್ಚು ಹಾಕಿದರೆ ದಾರ ಹರಿಯುತ್ತದೆ. ಇಷ್ಟೇ ಹಾಕಿದರೆ ಮುಟ್ಟುವುದಿಲ್ಲ. ಆಚೆ ಮನೆಯ ಬಾಗಿಲು ಎರಡು ಗುಂಡಿನ ಸದ್ದಿಗೂ ತೆರೆದಿರಲಿಲ್ಲ. ಯಾರಿಗಾಗಿ ಹೊಡೆಯುತ್ತಿದ್ದೇನೆ ಎನ್ನುವುದೇ ಅವಳಿಗೆ ತಿಳಿಯದಾಯಿತು.

"ನಂದೇ ತಪ್ಪಿರಬೇಕು," ಹಗ್ಗದವನು ಮೆಲ್ಲಗೆ ಅಂದ. "ಪೆಟ್ಟಿಗೆಯಿಂದ ನಾನು ಸರಿಯಾದ ಹೊತ್ತಿಗೆ ಸರಿತಾ ಇಲ್ಲ ಇವತ್ತು. ದಾರಕ್ಕೆ ಕಾಲು ತಾಗಿತೋ ಏನೋ."

"ಯಾಕೆ ಸರಿತಾ ಇಲ್ಲ?"

"ಅಲ್ಲಿ ನಿಮ್ಮ ಚಿಕ್ಕಪ್ಪ ಮದ್ದು ತುಂಬೋವಾಗ ಕೊಳವೆನ ಹೀಗೆ ಕಲ್ಲಿಗೆ ಟಕ್ ಟಕ್ ಟಕ್ ಅಂತ ಮೂರು ಸಲ ಕುಟ್ಟೋರು. ಅದನ್ನ ನೋಡಿದ ಕೂಡ್ಲೇ ನಾನು ಹಿಂದಕ್ಕೆ ಹೋಗಿ ನಿಲ್ತಿದ್ದೆ. ಇವತ್ತು ನೀವು ಕುಟ್ಟಲೇ ಇಲ್ವಲ್ಲ, ಅದಕ್ಕೆ ಗೊತ್ತಾಗ್ಲಿಲ್ಲ."

ಅಕ್ಕ ಅವನನ್ನು ನೋಡಿದಳು. ಎದ್ದು ಹೋಗಿ ಚಿಕ್ಕಪ್ಪನ ಕಿವಿಗೆ ಬಾಯಿಟ್ಟು ಕೂಗಿದಳು.

"ಮದ್ದು ತುಂಬಿ ಕುಟ್ತಿದ್ರಾ?"

"ಕುಟ್ಟದೆ?" ಚಿಕ್ಕಪ್ಪನಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಕುಟ್ಟಿ, ತಗ್ಗಿದಷ್ಟು ಮತ್ತೆ ತುಂಬಿ, ಮತ್ತೆ ಕುಟ್ಟೋದು. ಬಂಡೆ ತೂತಿಗೆ ಹಂಗೇ ತುಂಬೋದು. ತುಂಬೋದು ಅಂದ್ರೆ ಅದೇ ಅಲ್ವಾ?"

"ನನಗೆ ಹೇಳ್ಲೇ ಇಲ್ವಲ್ಲ ಚಿಕ್ಕಪ್ಪ!"

"ಅನ್ನ ಉಣ್ಣೋವಾಗ ಅಗಿಬೇಕು ಅಂತ ಯಾರಾದ್ರೂ ಹೇಳ್ತಾರಾ?"

ಅವಳು ಡಬ್ಬಿಯ ಮುಚ್ಚಳ ತೆಗೆದಳು. ಒಂದೇ ಅಳತೆ ಉಳಿದಿರಬೇಕಿದ್ದ ಮದ್ದು ಅದಕ್ಕಿಂತ ಹೆಚ್ಚೇ ಇತ್ತು. ಮೂರು ಸಲವೂ ಸಡಿಲವಾಗಿ ತುಂಬಿ ಉಳಿಸಿದ್ದು ಅದು. ಎರಡು ಸಲಕ್ಕೆ ಸಾಲದು, ಒಂದು ಸಲಕ್ಕೆ ಧಾರಾಳ.

ತುಂಬಿದಳು. ಟಕ್, ಟಕ್, ಟಕ್. ಮದ್ದು ಬೆರಳಿನ ಕಾಲು ಭಾಗದಷ್ಟು ಕೆಳಗಿಳಿಯಿತು. ಮತ್ತೆ ತುಂಬಿ ಮತ್ತೆ ಕುಟ್ಟಿದಳು. ಹಗ್ಗದವನು ಸರಿದು ನಿಂತ. ಮೋಡದ ಕಡೆ ಬಾಯೆತ್ತಿದ್ದ ಕೋವಿಯನ್ನು ಒಣಕಾಲುವೆಯಲ್ಲಿ ಇಟ್ಟಿದ್ದ ಓರೆಗೇ ಇಳಿಸಿ, ಟ್ರಿಗರ್ ಎಳೆದಳು.

ಒದೆತಕ್ಕೆ ಕವೆಗೋಲೇ ಮುರಿಯಿತು. ಹೊಗೆ ಕಣ್ಣಿಗೆ ನುಗ್ಗಿತು. ದಾರ ಸುಯ್ಯೆಂದು ಹೋಗುತ್ತಲೇ ಇತ್ತು, ಪೆಟ್ಟಿಗೆಯಲ್ಲಿ ಕೊನೆಯ ನಾಲ್ಕು ಸುತ್ತು ಉಳಿದಾಗ ನಿಂತಿತು.

"ಮನೆ ಮೇಲೆ!" ಚಿಕ್ಕಪ್ಪ ಕಿರುಚಿದರು. "ಮಾಡಿನ ಮೇಲೇ ಬಿತ್ತು!"

ಯಾರೂ ಕುಣಿಯಲಿಲ್ಲ. ಮೂವರೂ ಬಾಗಿಲನ್ನೇ ನೋಡುತ್ತಾ ನಿಂತರು. ಕಾದರು. ನೆರಳು ಒಂದು ಗೇಣು ಸರಿಯಿತು, ಎರಡು ಗೇಣು ಸರಿಯಿತು. ದಾರ ಗಾಳಿಗೆ ತೂಗುತ್ತಿತ್ತಷ್ಟೆ. ಹಗ್ಗದವನು ಮುಖ ತಿರುಗಿಸಿ ಕೂತ.

ಆಗ ಬಾಗಿಲು ತೆರೆಯಿತು.

"ಯಾರು? ಚಿಕ್ಕಪ್ಪ, ಯಾರು?"

ಚಿಕ್ಕಪ್ಪನಿಗೆ ಕೇಳಿಸಿತೋ ಇಲ್ಲವೋ. ದುರ್ಬೀನನ್ನು ಅವಳ ಕೈಗೆ ಕೊಟ್ಟು ಬೇರೆ ಕಡೆ ನೋಡಿದರು.

ಬಿಳಿ ಗಡ್ಡ. ಗೋಡೆ ಹಿಡಿದು ತೆವಳುವಂತೆ ಬಂದ ಅಜ್ಜ ದಾರವನ್ನು ಕೈಗೆ ಸುತ್ತಿಕೊಂಡು ಎಳೆಯತೊಡಗಿದರು. ಹತ್ತು ಸಲ ಎಳೆದು ಕೂರುವುದು, ಮತ್ತೆ ಎಳೆಯುವುದು. ತಮ್ಮ ಒಳಗೆ ಮಲಗಿರಬೇಕು, ಕಾಲಿಗೆ ಏಟಾಗಿರಬೇಕು ಅಂದುಕೊಂಡಳು. ಹುರಿ ಹೋಯಿತು, ಹಗ್ಗ ಹೋಯಿತು. ಅಜ್ಜ ಅದನ್ನು ಕಲ್ಲುಕಂಬಕ್ಕೆ ಸುತ್ತಿ ಗಂಟು ಹಾಕುವ ತನಕವೂ ಆ ಬಾಗಿಲಿಂದ ಇನ್ನೊಬ್ಬ ಬರಲಿಲ್ಲ.

ರಾಟೆಗೆ ಹಗ್ಗದಲ್ಲೇ ಹೆಣೆದ ತೊಟ್ಟಿಲು ಕಟ್ಟಿ ಕಳಿಸುವ ಮೊದಲು ಅವಳು ಎರಡೂ ಕೈ ಎತ್ತಿ ಬೀಸಿ, ಎರಡು ಬೆರಳು ತೋರಿಸಿದಳು. ಅಜ್ಜ ಬಹಳ ಹೊತ್ತು ಈ ಕಡೆಗೇ ನೋಡಿದರು. ಆಮೇಲೆ ತಲೆಯಾಡಿಸಿ, ಒಂದೇ ಬೆರಳು ಎತ್ತಿ, ಅದನ್ನು ತಮ್ಮ ಎದೆಗೆ ಮುಟ್ಟಿಸಿಕೊಂಡರು.

"ಅಕ್ಕಾ, ನೀವು ಕೂತ್ಕೊಳ್ಳಿ. ನಾನೊಬ್ನೇ ಎಳಿತೀನಿ," ಅಂದ ಹಗ್ಗದವನು.

"ಒಬ್ಬನ ಕೈಲಿ ಆಗಲ್ಲ. ಹಿಡಿ."

ಎಳೆದಳು. ಅಂಗೈ ಸಿಪ್ಪೆಯೇಳುವ ತನಕ ಎಳೆದಳು. ತನ್ನ ತಮ್ಮನಲ್ಲದ ಆ ಭಾರವನ್ನು ಒಂದು ಸಲವೂ ಜಗ್ಗದೆ, ಕುಲುಕದೆ, ನದಿಯ ಮೇಲಿಂದ ಈ ದಡಕ್ಕೆ ತಂದಳು.

ಅಜ್ಜ ನೆಲ ಮುಟ್ಟಿದಾಗ ಮಾತಾಡಲು ಬಾಯಿ ಒಣಗಿತ್ತು. ನೀರು ಕುಡಿದು, ಅವಳ ಮುಖ ನೋಡದೆ ಹೇಳಿದರು.

"ಸೇತುವೆ ಹೋದ ದಿನ ನಾನು ಅದರ ಮೇಲಿದ್ದೆ, ಅವನು ನನ್ನ ಎಳ್ಕೊಳ್ಳೋಕೆ ಬಂದಿದ್ದ. ಹಲಗೆ ಎದೆಗೆ ಬಡೀತು. ರಕ್ತ ಕಾರ್ತಾ ಇದ್ದ. ಆರನೇ ದಿನ ಮುಗೀತು. ಮನೆ ಪಕ್ಕ ಕಲ್ಲು ಜೋಡಿಸಿದೀನಿ."

ಆರನೇ ದಿನ. ಅಂದು ಅವಳ ಕೋವಿ ಇನ್ನೂ ಗೋಡೆಯ ಮೇಲೆ ತೂಗುತ್ತಿತ್ತು.

"ಮತ್ತೆ ಹೊಗೆ?"

"ನಾನು ಹಾಕ್ತಿದ್ದೆ. ಸೌದೆ ಮುಗಿಯೋ ತನಕ." ಅಜ್ಜ ತಡೆದರು. "ಅವನ ಪಾಲಿನ ಹಿಟ್ಟು ತಿಂದೇ ಇಷ್ಟು ದಿನ ಉಳಿದೆ ನಾನು. ಅದನ್ನ ನಿಮಗೆ ಹೇಳ್ಲೇಬೇಕು ಅನ್ಸ್ತು."

ಕೋವಿಯಕ್ಕ ಅತ್ತಳು. ಕಮರಿಯ ಅಂಚಿನಲ್ಲಿ ಕೂತು, ಯಾರಿಗೂ ಮುಚ್ಚಿಡದೆ, ಜೋರಾಗಿ ಅತ್ತಳು. ಚಿಕ್ಕಪ್ಪ ಒಳ್ಳೆಯ ಕೈಯನ್ನು ಅವಳ ತಲೆಯ ಮೇಲಿಟ್ಟುಕೊಂಡು ಕೂತಿದ್ದರು. ಆಮೇಲೆ ಅವಳು ಎದ್ದು ಬುತ್ತಿ ಬಿಚ್ಚಿ, ಅಜ್ಜನಿಗೆ ಒಂದೊಂದೇ ಚೂರು ರೊಟ್ಟಿಯನ್ನು ನೀರಲ್ಲಿ ನೆನೆಸಿ ಕೊಟ್ಟಳು.

ಇಳಿಯುವಾಗ ಎರಡು ದಿನವೂ ಹಗ್ಗದವನೇ ಅಜ್ಜನನ್ನು ಬೆನ್ನ ಮೇಲೆ ಹೊತ್ತ. ಊರು ಮುಟ್ಟಿದಾಗ ಮಧ್ಯಾಹ್ನದ ಬಿಸಿಲಿಗೆ ಬೀದಿ ಖಾಲಿಯಿತ್ತು. ಟೈಲರ್ ಅಂಗಡಿಯ ಕಡೆ ತಿರುಗುವಲ್ಲಿ ಅಜ್ಜ ಅವನ ಭುಜ ತಟ್ಟಿದರು.

"ಮೊದಲು ಅವರಮ್ಮನ ಹತ್ರ. ನಾನೇ ಹೇಳ್ಬೇಕು. ಜೊತೇಲಿದ್ದವನು ನಾನು."

ಬಾಗಿಲು ತೆರೆದೇ ಇತ್ತು. ಅಮ್ಮ ಮಗಳನ್ನು ನೋಡಿದಳು, ಮೈದುನ ಬಂದದ್ದನ್ನು ನೋಡಿದಳು, ಹಗ್ಗದವನ ಬೆನ್ನಿಂದ ಇಳಿಯುತ್ತಿದ್ದ ಅಜ್ಜನನ್ನು ನೋಡಿದಳು. ಅವರ ಹಿಂದೆ ಬೀದಿಯಲ್ಲಿ ಇನ್ನು ಯಾರೂ ಇಲ್ಲದ್ದನ್ನೂ ನೋಡಿದಳು. ಅಜ್ಜ ಕೈ ಮುಗಿದು ಬಾಯಿ ತೆರೆಯುವಷ್ಟರಲ್ಲಿ ಅವಳೇ ಕೇಳಿದಳು.

"ನೀವು ಬಂದಿದ್ದು ನಿಮ್ಮ ಮಗಳಿಗೆ ಗೊತ್ತಾ?"

"ಇಲ್ಲಮ್ಮ. ಮೊದಲು ನಿಮಗೆ..."

"ನನಗೆ ಗೊತ್ತಾಯ್ತು," ಅಂದಳು ಅಮ್ಮ. "ಆ ಹುಡುಗಿ ಇನ್ನೂ ಕಾಯ್ತಾ ಇದಾಳೆ. ಏಳಿ."

ಚಪ್ಪಲಿ ಮೆಟ್ಟಿಕೊಂಡು, ಅಜ್ಜನ ತೋಳನ್ನು ತನ್ನ ಹೆಗಲಿಗೆ ಹಾಕಿಕೊಂಡು ಅವಳು ಬೀದಿಗಿಳಿದಳು. ಕೋವಿಯಕ್ಕ ಇನ್ನೊಂದು ತೋಳು ಹಿಡಿದಳು. ಎರಡು ಬೀದಿ ಹಾಗೇ ನಡೆದರು. ಟೈಲರ್ ಅಂಗಡಿಯ ಒಳಗೆ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಅಮ್ಮ ತಾನೇ ಬಾಗಿಲು ಬಡಿದಳು.

"ಹೊರಗೆ ಬಾ ಮಗಳೇ, ನಿಮ್ಮಪ್ಪ ಬಂದಿದಾರೆ."